ಫೋಟೋ ಎಲ್ಲ ಇದೆ, ಒಂದೂ ತೆರೆಯುತ್ತಿಲ್ಲ: ರ‍್ಯಾನ್ಸಮ್‌ವೇರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯಲ್ಲಿ ನನ್ನದೊಂದು ಚಿಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಸಿದ್ದಾಪುರ, ಯಲ್ಲಾಪುರದ ಕಡೆಯವರು ಜಾಸ್ತಿ ಬರುತ್ತಾರೆ. ಘಟ್ಟದ ಕೆಳಗಿನ ಕುಮಟಾ, ಅಂಕೋಲಾದಿಂದಲೂ ಸಿಪಿಯು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವವರಿದ್ದಾರೆ. ಸಿಡಿಲಿಗೆ ಸುಟ್ಟ ಬೋರ್ಡ್, ಇರುವೆ ಹೊಕ್ಕ ಕೀಬೋರ್ಡ್, ಇವೆಲ್ಲ ಹೇಗೋ ಸರಿಯಾಗುತ್ತವೆ. ರ‍್ಯಾನ್ಸಮ್‌ವೇರ್ ಹೊಕ್ಕ ಮಷೀನ್ ಬಂದಾಗ ಮಾತ್ರ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮಷೀನ್ ಚೆನ್ನಾಗಿಯೇ ಇರುತ್ತದೆ. ಅದರೊಳಗಿನ ಹತ್ತು ವರ್ಷ ಹೋಗಿರುತ್ತದೆ.

ಬಂದವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನನ್ನ ಕಂಪ್ಯೂಟರಿಗೆ ಎಂತ ಆಗಿದೆ ಅಂತ ಗೊತ್ತಾಗುವುದು ಹೇಗೆ?

ನಿವೃತ್ತ ಮೇಷ್ಟ್ರೊಬ್ಬರು ಒಂದು ದಿನ ಬೆಳಗ್ಗೆ ಫೋನ್ ಮಾಡಿ ಹೇಳಿದರು: "ತಂಗೀ, ಫೋಟೋ ಎಲ್ಲ ಇದ್ದು, ಒಂದೂ ಓಪನ್ ಆಗ್ತಿಲ್ಲೆ." ರೋಗದ ಲಕ್ಷಣ ಪೂರ್ತಿ ಈ ಒಂದು ಮಾತಿನಲ್ಲಿದೆ.

ಫೈಲ್‌ಗಳು ಎಲ್ಲಿಗೂ ಹೋಗಿರುವುದಿಲ್ಲ. ಇದ್ದ ಫೋಲ್ಡರಿನಲ್ಲೇ ಇರುತ್ತವೆ. ಆದರೆ ಪ್ರತಿಯೊಂದರ ಹೆಸರಿನ ಕೊನೆಗೆ ಒಂದು ಹೊಸ ಬಾಲ ಸೇರಿರುತ್ತದೆ. ಜೆಪಿಜಿ ಅಂತ ಮುಗಿಯಬೇಕಾದ ಹೆಸರಿಗೆ ಮುಂದೆ ಇನ್ನೂ ನಾಲ್ಕು ಅರ್ಥವಿಲ್ಲದ ಅಕ್ಷರ. ಚಿತ್ರದ ಬದಲು ಬಿಳಿ ಕಾಗದದಂಥ ಐಕಾನ್. ಫೋಲ್ಡರ್ ಫೋಲ್ಡರಿನಲ್ಲೂ "ರೀಡ್‌ಮಿ" ಅನ್ನುವ ಒಂದು ಚಿಕ್ಕ ನೋಟ್‌ಪ್ಯಾಡ್ ಫೈಲ್. ಅದನ್ನು ತೆರೆದರೆ ನಿಮ್ಮ ಫೈಲ್‌ಗಳಿಗೆ ಬೀಗ ಹಾಕಿದ್ದೇವೆ, ಇಷ್ಟು ಡಾಲರ್ ಕೊಡಿ, ಕೀಲಿ ಕೊಡುತ್ತೇವೆ ಅಂತ ಬರೆದಿರುತ್ತದೆ. ರ‍್ಯಾನ್ಸಮ್ ಅಂದರೆ ಒತ್ತೆಯ ಹಣ. ಮನುಷ್ಯರನ್ನು ಹಿಡಿದಿಟ್ಟು ಹಣ ಕೇಳುವ ಹಾಗೆ ಇಲ್ಲಿ ಫೈಲ್‌ಗಳನ್ನು ಹಿಡಿದಿಟ್ಟು ಕೇಳುತ್ತಾರೆ. ಹಿಡಿದಿಡುವುದು ಮಾತ್ರ ನಮ್ಮದೇ ಮನೆಯಲ್ಲಿ.

ಇದು ಹೊಸ ಕಾಲದ ಕಾಟವಾ?

ಅಲ್ಲ. 1989ರಲ್ಲೇ ಫ್ಲಾಪಿಗಳನ್ನು ಅಂಚೆಯಲ್ಲಿ ಕಳಿಸಿ ಒಬ್ಬ ಇದನ್ನು ಮಾಡಿದ್ದ. ಆ ಫ್ಲಾಪಿ ಹಾಕಿದ ಕಂಪ್ಯೂಟರ್ ಕೆಲವು ದಿನ ಸುಮ್ಮನಿದ್ದು, ಆಮೇಲೆ ಫೈಲ್‌ಗಳ ಹೆಸರು ಕೆಡಿಸುತ್ತಿತ್ತು. 189 ಡಾಲರನ್ನು ಪನಾಮಾದ ಒಂದು ಅಂಚೆ ಪೆಟ್ಟಿಗೆಗೆ ಕಳಿಸಿ ಅನ್ನುತ್ತಿತ್ತು. ಆ ಬೀಗ ಕಚ್ಚಾ, ಬಿಚ್ಚಬಹುದಿತ್ತು. ನಿಜವಾಗಿಯೂ ಬಿಚ್ಚಲಾಗದ ಬೀಗ ಜನಸಾಮಾನ್ಯರ ಮನೆಗೆ ದೊಡ್ಡ ಮಟ್ಟದಲ್ಲಿ ಬಂದದ್ದು 2013ರ ಸೆಪ್ಟೆಂಬರಿನಲ್ಲಿ, ಕ್ರಿಪ್ಟೋಲಾಕರ್ ಹೆಸರಿನಲ್ಲಿ. ಅಷ್ಟು ಹೊತ್ತಿಗೆ ನೆಟ್ಟಿನಲ್ಲೇ ಕೈ ಬದಲಾಗುವ ಬಿಟ್‌ಕಾಯಿನ್ ಅನ್ನುವ ಹಣ ಇತ್ತು. ಹಣ ತೆಗೆದುಕೊಂಡವರು ಯಾರು ಅಂತ ಹುಡುಕುವುದು ಕಷ್ಟವಾಯಿತು. ಕಳ್ಳರಿಗೆ ಇದು ಒಂದು ಕಸುಬೇ ಆಗಿಹೋಯಿತು.

ನಂದು ಮನೆ ಕಂಪ್ಯೂಟರ್. ಇದರಲ್ಲಿ ಕಳ್ಳರಿಗೆ ಬೇಕಾದ್ದು ಎಂತ ಇದೆ?

ಕಳ್ಳರಿಗೆ ಏನೂ ಬೇಕಾಗಿಲ್ಲ. ನಿಮಗೆ ಬೇಕು, ಅಷ್ಟೇ ಸಾಕು. ಮಗಳ ಮದುವೆ ಫೋಟೋ ಅವರಿಗೆ ಎಂತಕ್ಕೆ? ಆದರೆ ನೀವು ಅದಕ್ಕೆ ಎಷ್ಟು ಬೇಕಾದರೂ ಕೊಟ್ಟೀರಿ ಅಂತ ಅವರಿಗೆ ಗೊತ್ತು. ಹಾಗಾಗಿ ಇದು ನಿಮ್ಮನ್ನೇ ಹುಡುಕಿಕೊಂಡು ಬಂದದ್ದೂ ಅಲ್ಲ. ಕರಾವಳಿಯಲ್ಲಿ ಬೀಸುಬಲೆ ಬೀಸುವವರು ಇಂಥದ್ದೇ ಮೀನು ಬೇಕು ಅಂತ ಬೀಸುವುದಿಲ್ಲವಲ್ಲ. ಇದೂ ಹಾಗೇ.

ಒಳಗೆ ಬರುವುದು ಎಲ್ಲಿಂದ?

ನನ್ನ ಟೇಬಲ್ಲಿಗೆ ಬಂದ ಮಷೀನ್‌ಗಳಲ್ಲಿ ಹೆಚ್ಚಿನವಕ್ಕೆ ಅದು ಬಂದ ದಾರಿ ಒಂದೇ: ಕ್ರ್ಯಾಕ್ ಮಾಡಿದ, ಅಂದರೆ ದುಡ್ಡು ಕೊಡದೆ ಓಡುವ ಹಾಗೆ ಕಳ್ಳತನದಲ್ಲಿ ತಿದ್ದಿದ ಸಾಫ್ಟ್‌ವೇರ್. ನಮ್ಮ ಕಡೆ ಡಿಟಿಪಿ ಅಂಗಡಿಗಳಿಗೆ ಪೇಜ್‌ಮೇಕರ್ ಬೇಕು, ಸ್ಟುಡಿಯೋದವರಿಗೆ ಫೋಟೋಶಾಪ್, ಫ್ಲೆಕ್ಸ್ ಮಾಡುವವರಿಗೆ ಕೋರೆಲ್‌ಡ್ರಾ. ದುಡ್ಡು ಕೊಟ್ಟು ಕೊಳ್ಳುವುದು ಕಷ್ಟ ಅಂತ ನೆಟ್ಟಿನಲ್ಲಿ ಹುಡುಕುತ್ತಾರೆ. ಸಿಗುವುದು ಒಂದು ಜಿಪ್ ಫೈಲ್. ಅದಕ್ಕೊಂದು ಪಾಸ್‌ವರ್ಡ್ ಹಾಕಿ, ಆ ಪಾಸ್‌ವರ್ಡನ್ನು ಪಕ್ಕದಲ್ಲೇ ಬರೆದಿಟ್ಟಿರುತ್ತಾರೆ. ಎಂತಕ್ಕೆ ಗೊತ್ತಾ? ಪಾಸ್‌ವರ್ಡ್ ಇದ್ದರೆ ಆಂಟಿವೈರಸ್ಸಿಗೆ ಒಳಗೆ ಇಣುಕಲು ಆಗುವುದಿಲ್ಲ. ಜೊತೆಗೆ ಒಂದು ಸೂಚನೆ: "ಆಂಟಿವೈರಸ್ ಆಫ್ ಮಾಡಿ ಆಮೇಲೆ ಇನ್‌ಸ್ಟಾಲ್ ಮಾಡಿ." ಈ ಒಂದು ಸಾಲು ಎಲ್ಲಿ ಕಂಡರೂ ಅಲ್ಲಿಗೇ ನಿಲ್ಲಿಸಿ. ಮನೆ ಕಾಯುವ ನಾಯಿಯನ್ನು ಕಟ್ಟಿಹಾಕಿ ಬಾಗಿಲು ತೆಗೆಯಿರಿ ಅಂದರೆ ತೆಗೆಯುತ್ತೀರಾ?

ಮನೆ ಕಂಪ್ಯೂಟರುಗಳನ್ನೇ ಹಿಡಿದ ಸ್ಟಾಪ್ ಡಿಜೆವಿಯು ಅನ್ನುವ ರ‍್ಯಾನ್ಸಮ್‌ವೇರ್ ಜಾತಿ ಹರಡಿದ್ದು ಮುಖ್ಯವಾಗಿ ಈ ದಾರಿಯಲ್ಲೇ. ಕನ್ನಡ ಟೈಪ್ ಮಾಡುವ ನುಡಿಯಂಥ ಉಚಿತ ಸಾಫ್ಟ್‌ವೇರನ್ನೂ ಕೆಲವರು ಯಾವುದೋ ಡೌನ್‌ಲೋಡ್ ತಾಣದಿಂದ ಇಳಿಸುತ್ತಾರೆ. ಉಚಿತವಾಗಿಯೇ ಸಿಗುವುದನ್ನು ಮಾಡಿದವರ ತಾಣದಿಂದಲೇ ತೆಗೆದುಕೊಳ್ಳಿ.

ಎರಡನೆಯದು ಇ-ಮೇಲ್. ಬಿಲ್ಲು, ಕೊರಿಯರ್ ರಸೀದಿ, ಕೆಲಸದ ಅರ್ಜಿ ಅಂತ ಒಂದು ಅಟ್ಯಾಚ್‌ಮೆಂಟ್ ಬರುತ್ತದೆ. ನೋಡಲಿಕ್ಕೆ ಪಿಡಿಎಫ್. ವಿಂಡೋಸ್ ತಾನಾಗಿಯೇ ಹೆಸರಿನ ಕೊನೆಯ ಭಾಗ ಮುಚ್ಚಿಡುತ್ತದೆ. ಹಾಗಾಗಿ "ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ" ಅಂತ ಇದ್ದದ್ದು ನಿಮಗೆ "ಬಿಲ್ ಡಾಟ್ ಪಿಡಿಎಫ್" ಅಂತಲೇ ಕಾಣುತ್ತದೆ. ಇಎಕ್ಸ್‌ಇ ಅಂದರೆ ಕಾಗದ ಅಲ್ಲ, ಓಡುವ ಪ್ರೋಗ್ರಾಂ. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ "ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್" ಅಂತ ಇದೆ. ಅದಕ್ಕೊಂದು ಟಿಕ್ ಹಾಕಿ. ಇವತ್ತೇ ಹಾಕಿ.

ವರ್ಡ್, ಎಕ್ಸೆಲ್ ಫೈಲಿನ ಒಳಗೆ ಕೂತಿರುವ ಚಿಕ್ಕ ಪ್ರೋಗ್ರಾಂ, ಅಂದರೆ ಮ್ಯಾಕ್ರೋ ಮೂಲಕವೂ ಬಹಳ ಕಾಲ ಬರುತ್ತಿತ್ತು. 2022ರಿಂದ ಮೈಕ್ರೋಸಾಫ್ಟ್ ನೆಟ್ಟಿನಿಂದ ಬಂದ ಫೈಲ್‌ಗಳ ಮ್ಯಾಕ್ರೋವನ್ನು ತಾನಾಗಿಯೇ ತಡೆಯುತ್ತದೆ. ಹಳೆಯ ಆಫೀಸ್ ಇದ್ದವರು "ಎನೇಬಲ್" ಅನ್ನುವ ಹಳದಿ ಪಟ್ಟಿಯನ್ನು ಒತ್ತಬೇಡಿ.

ಇನ್ನೊಂದು ದಾರಿ, ದೂರದಿಂದ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್. ಲೆಕ್ಕಪತ್ರ ಬರೆಯುವವರು ಕೆಲವರು ಮನೆಯಿಂದ ಅಂಗಡಿಯ ಟ್ಯಾಲಿ ನೋಡಲಿಕ್ಕೆ ಇದನ್ನು ತೆರೆದಿಡುತ್ತಾರೆ. ಪಾಸ್‌ವರ್ಡ್ 1234 ಇದ್ದರೆ ಒಳಗೆ ಬರಲು ಕಳ್ಳರಿಗೆ ಎಷ್ಟು ಹೊತ್ತು?

ಏನೂ ಒತ್ತದೆಯೂ ಬರುತ್ತದಂತೆ, ಹೌದಾ?

ಬಂದದ್ದಿದೆ. 2017ರ ಮೇ 12ರಂದು ವಾನಾಕ್ರೈ ಹರಡಿದ್ದು ಹಾಗೆ. ವಿಂಡೋಸಿನ ಫೈಲ್ ಹಂಚಿಕೊಳ್ಳುವ ವ್ಯವಸ್ಥೆಯಲ್ಲಿ ಒಂದು ತೂತಿತ್ತು. ಆ ತೂತಿನಿಂದ ಒಂದು ಮಷೀನಿನಿಂದ ಇನ್ನೊಂದಕ್ಕೆ ತಾನೇ ಹಾರುತ್ತಾ ಸುಮಾರು 150 ದೇಶ ಮುಟ್ಟಿತು. 300 ಡಾಲರ್ ಕೇಳುತ್ತಿತ್ತು, ಮೂರು ದಿನ ಕಳೆದರೆ 600. ನನಗೆ ಬೇಜಾರಾಗುವುದು ಯಾವುದಕ್ಕೆ ಅಂದರೆ, ಆ ತೂತು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಕೊಟ್ಟಿತ್ತು. ಸುಮಾರು ಎರಡು ತಿಂಗಳು ಮೊದಲೇ. ಅಪ್‌ಡೇಟ್ ಹಾಕಿಕೊಂಡವರಿಗೆ ಆ ದಾರಿಯಿಂದ ಏನೂ ಆಗಲಿಲ್ಲ.

ವಿಂಡೋಸ್ 7ಕ್ಕೆ ಅಪ್‌ಡೇಟ್ ನಿಂತದ್ದು 2020ರ ಜನವರಿ 14ಕ್ಕೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತದ್ದು 2025ರ ಅಕ್ಟೋಬರ್ 14ಕ್ಕೆ. ಹಳೆ ಮಷೀನನ್ನೇ ಇಟ್ಟುಕೊಳ್ಳುವುದಾದರೆ ಇಟ್ಟುಕೊಳ್ಳಿ, ಆದರೆ ನೆಟ್ ಕೇಬಲ್ ಹಾಕಬೇಡಿ. ಅಥವಾ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿಕೊಳ್ಳಿ.

ಒಳಗೆ ಬಂದ ಮೇಲೆ ಅದು ಎಂತ ಮಾಡುತ್ತದೆ?

ಒಂದು ಸಲ ನಾನೇ ಕೂತು ನೋಡಿದ್ದೇನೆ. ಅಂಗಡಿಯ ಒಂದು ಹಳೆಯ ಮಷೀನಿಗೆ ನೆಟ್ ಕೇಬಲ್ ತೆಗೆದು, ಸುಮ್ಮನೆ ಒಂದಿಷ್ಟು ಫೋಟೋ ತುಂಬಿಸಿ, ಗಿರಾಕಿಯೊಬ್ಬರು ತಂದಿದ್ದ ಕ್ರ್ಯಾಕ್ ಫೈಲನ್ನು ಓಡಿಸಿದೆ. ನೀವು ಯಾರೂ ಇದನ್ನು ಮಾಡಬೇಡಿ.

ಮೊದಲ ಒಂದೆರಡು ನಿಮಿಷ ಏನೂ ಇಲ್ಲ. ಬೇಕಾದ ಸಾಫ್ಟ್‌ವೇರ್ ಓಪನ್ ಆಗಲಿಲ್ಲ. ಆಮೇಲೆ "ವಿಂಡೋಸ್ ಅಪ್‌ಡೇಟ್ ಆಗುತ್ತಿದೆ" ಅಂತ ಒಂದು ಚೌಕ ಬಂತು. ಥೇಟ್ ನಿಜದ್ದರ ಹಾಗೇ. ಹಾರ್ಡ್‌ಡಿಸ್ಕ್ ಕರಕರ ಅನ್ನಲು ಶುರುವಾಯಿತು, ಸಿಪಿಯು ಮುಂದಿನ ಕೆಂಪು ದೀಪ ಆರಲೇ ಇಲ್ಲ. ಅಪ್‌ಡೇಟ್ ಅಲ್ವಾ, ಆಗಲಿ ಅಂತ ಯಾರಾದರೂ ಚಾ ಕುಡಿಯಲು ಎದ್ದು ಹೋಗುತ್ತಾರೆ. ನಾನು ಪಿಕ್ಚರ್ಸ್ ಫೋಲ್ಡರ್ ತೆರೆದಿಟ್ಟು ನೋಡುತ್ತಿದ್ದೆ. ಚಿತ್ರಗಳು ಮೇಲಿನಿಂದ ಒಂದೊಂದಾಗಿ ಬಿಳಿಯಾದವು. ಒಂದು ಸಾಲು, ಮತ್ತೊಂದು ಸಾಲು. ಸಂಜೆ ಹೊತ್ತು ಎದುರು ಗುಡ್ಡದ ಮನೆಗಳ ದೀಪ ಒಂದೊಂದೇ ಆರುವಂತೆ. ಅವು ನನ್ನ ಫೋಟೋಗಳಲ್ಲ ಅಂತ ಗೊತ್ತಿದ್ದರೂ ಕೈ ತಣ್ಣಗಾಗಿತ್ತು.

ಒಳಗೆ ನಡೆಯುವುದು ಇಷ್ಟು. ಮೊದಲು ಅದು ವಿಂಡೋಸ್ ಇಟ್ಟುಕೊಂಡಿರುವ ಹಳೆಯ ನಕಲುಗಳನ್ನು ಅಳಿಸಲು ನೋಡುತ್ತದೆ. ಶ್ಯಾಡೋ ಕಾಪಿ ಅನ್ನುತ್ತೇವಲ್ಲ, ಅದು. ಆಮೇಲೆ ವಿಂಡೋಸ್ ಓಡಲು ಬೇಕಾದ ಫೈಲ್‌ಗಳನ್ನು ಬಿಟ್ಟು, ನಿಮ್ಮ ಕೆಲಸದ ಫೈಲ್‌ಗಳನ್ನು ಹುಡುಕುತ್ತದೆ. ಮಷೀನ್ ಓಡುತ್ತಿರಬೇಕು, ಇಲ್ಲದಿದ್ದರೆ ಹಣ ಕೇಳುವ ಚೀಟಿಯನ್ನು ನೀವು ಓದುವುದು ಹೇಗೆ? ಸಿ ಡ್ರೈವ್ ಮುಗಿದ ಮೇಲೆ ಡಿ, ಇ. ಚುಚ್ಚಿಟ್ಟ ಪೆನ್‌ಡ್ರೈವ್, ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್, ನೆಟ್‌ವರ್ಕಿನಲ್ಲಿ ಹಂಚಿಕೊಂಡ ಫೋಲ್ಡರ್, ಕೈಗೆ ಎಟುಕಿದ್ದೆಲ್ಲ. ಡಿಜೆವಿಯು ಇನ್ನೊಂದು ಕೆಲಸ ಮಾಡುತ್ತದೆ: ಸಹಾಯ ಸಿಗುವ ಆಂಟಿವೈರಸ್ ತಾಣಗಳು ತೆರೆಯದ ಹಾಗೆ ನಿಮ್ಮ ಮಷೀನಿನಲ್ಲೇ ಅಡ್ಡ ಹಾಕುತ್ತದೆ.

ನಡೆಯುತ್ತಾ ಇರುವಾಗಲೇ ಕಣ್ಣಿಗೆ ಬಿದ್ದರೆ?

ಯೋಚನೆ ಮಾಡುತ್ತಾ ಕೂರಬೇಡಿ. ಪೆನ್‌ಡ್ರೈವ್, ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಎಳೆಯಿರಿ. ನೆಟ್ ಕೇಬಲ್ ಎಳೆಯಿರಿ, ವೈಫೈ ಆದರೆ ರೂಟರ್ ಸ್ವಿಚ್ಚನ್ನೇ ಆರಿಸಿ. ಬಾಲ ಹತ್ತುವುದು ಮುಂದುವರಿದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಮಷೀನ್ ಆರಿಸಿ. ಆ ಗಳಿಗೆಯಲ್ಲಿ ಕೈಯಲ್ಲಿದ್ದ ಒಂದು ಫೈಲ್ ಕೆಡಬಹುದು, ಉಳಿದ ಸಾವಿರ ಉಳಿಯಬಹುದು. ಮತ್ತೆ ಆನ್ ಮಾಡಬೇಡಿ. ಹಾರ್ಡ್‌ಡಿಸ್ಕ್ ಬಿಚ್ಚಿ ಬೇರೆ ಮಷೀನಿಗೆ ಹಾಕಿ ಉಳಿದದ್ದನ್ನು ತೆಗೆಯಬಹುದು.

ಕ್ರ್ಯಾಕ್ ಹಾಕಿದ್ದು ನಾನೇ. ಹೇಳಲಿಕ್ಕೆ ನಾಚಿಕೆ ಆಗುತ್ತದೆ.

ಇದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಮುಖದಲ್ಲಿ ಕಾಣುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಘಟ್ಟದ ಕೆಳಗೆ ಡಿಟಿಪಿ ಅಂಗಡಿ ಇಟ್ಟುಕೊಂಡ ಒಬ್ಬ ಹುಡುಗ. ಮದುವೆ ಸೀಸನ್. ಹನ್ನೊಂದು ವರ್ಷದ ಲಗ್ನಪತ್ರಿಕೆ ಡಿಸೈನ್‌ಗಳು ಒಂದು ರಾತ್ರಿಯಲ್ಲಿ ಹೋದವು. ಅವನ ಹತ್ತಿರ ಬ್ಯಾಕಪ್ ಇತ್ತು, ಬೀರುವಿನಲ್ಲಿ ಬೇರೆ ಹಾರ್ಡ್‌ಡಿಸ್ಕಿನಲ್ಲಿ. ಆದರೆ ಯಾರಿಗೂ ಹೇಳಲಿಲ್ಲ. ಕ್ರ್ಯಾಕ್ ಹಾಕಿದ್ದು ಗೊತ್ತಾದರೆ ಬೈಯುತ್ತಾರೆ ಅಂತ ಅಣ್ಣನಿಗೂ ಹೇಳಲಿಲ್ಲ. ತಾನೇ ಸರಿ ಮಾಡುತ್ತೇನೆ ಅಂತ ಆ ಹಾರ್ಡ್‌ಡಿಸ್ಕನ್ನು ಅದೇ ಮಷೀನಿಗೆ ಚುಚ್ಚಿದ. ವೈರಸ್ ಇನ್ನೂ ಒಳಗೇ ಇತ್ತು. ಈ ಜಾತಿ ಕೆಲಸ ಮುಗಿಸಿ ಹೋಗುವುದಿಲ್ಲ. ಕೆಲವೇ ನಿಮಿಷಕ್ಕೊಮ್ಮೆ ಎದ್ದು ಹೊಸ ಫೈಲ್ ಬಂದಿದೆಯಾ ಅಂತ ನೋಡುವ ಹಾಗೆ ಒಂದು ಅಲಾರಾಂ ಇಟ್ಟಿರುತ್ತದೆ. ಬ್ಯಾಕಪ್ ಕೂಡ ಹೋಯಿತು. ಮೂರನೇ ದಿನ ನನ್ನ ಹತ್ತಿರ ಬಂದಾಗ ಅವನಿಗೆ ಮಾತೇ ಹೊರಡುತ್ತಿರಲಿಲ್ಲ.

ಅವನಿಗೆ ನಾಚಿಕೆ ಇಲ್ಲದಿದ್ದರೆ, ಮೊದಲ ದಿನವೇ ಒಂದು ಫೋನ್ ಮಾಡಿದ್ದರೆ, ಹನ್ನೊಂದು ವರ್ಷದ ಕೆಲಸ ಉಳಿಯುತ್ತಿತ್ತು. ಯಾವ ಫೈಲ್ ಓಡಿಸಿದ್ದು, ಯಾವಾಗ, ನೆಟ್ ಇತ್ತಾ ಇಲ್ವಾ, ಇದನ್ನೆಲ್ಲ ನೇರ ಹೇಳಿ. ಡಾಕ್ಟರಿಗೆ ಏನು ತಿಂದೆ ಅಂತ ಹೇಳುವ ಹಾಗೆ. ನಾನು ಬೈಯುವುದಿಲ್ಲ. ಈ ಕೆಲಸ ಮಾಡುವ ಯಾರೂ ಬೈಯಬಾರದು.

ಬೀಗ ಅಷ್ಟು ಗಟ್ಟಿಯಾ? ನಿಮಗೂ ತೆಗೆಯಲಿಕ್ಕೆ ಬರುವುದಿಲ್ಲವಾ?

ಒತ್ತಿದರೆ ಸಾಕು ಬೀಳುವ ಬೀಗ ನೋಡಿದ್ದೀರಲ್ಲ. ಹಾಕಲಿಕ್ಕೆ ಕೀಲಿ ಬೇಡ, ತೆಗೆಯಲಿಕ್ಕೆ ಮಾತ್ರ ಬೇಕು. ವೈರಸ್ ತರುವುದು ಅಂಥ ತೆರೆದ ಬೀಗ. ಅದರ ಕೀಲಿ ಎಲ್ಲೋ ದೂರದ ದೇಶದಲ್ಲಿ ಕಳ್ಳರ ಹತ್ತಿರ ಇರುತ್ತದೆ. ನಿಮ್ಮ ಮಷೀನಿಗೆ ಅದು ಬರುವುದೇ ಇಲ್ಲ. ಬಾರದ್ದನ್ನು ಮಷೀನಿನಲ್ಲಿ ಹುಡುಕಿದರೆ ಸಿಗುತ್ತದಾ?

ಫೈಲ್‌ಗಳನ್ನೆಲ್ಲ ಈ ದೊಡ್ಡ ಬೀಗದಿಂದ ಮುಚ್ಚಲು ತುಂಬಾ ಹೊತ್ತು ಬೇಕು. ಹಾಗಾಗಿ ವೇಗದ ಒಂದು ಚಿಕ್ಕ ಕೀಲಿ ಮಾಡಿ ಅದರಿಂದ ಫೈಲ್ ಮುಚ್ಚುತ್ತಾರೆ. ಆ ಚಿಕ್ಕ ಕೀಲಿಯನ್ನು ದೊಡ್ಡ ಬೀಗದ ಪೆಟ್ಟಿಗೆಯಲ್ಲಿ ಹಾಕುತ್ತಾರೆ. ಕ್ರಿಪ್ಟೋಲಾಕರ್ ಬಳಸಿದ್ದು 2048 ಬಿಟ್‌ನ ಬೀಗ. ಅದರ ಹಿಂದಿರುವುದು 617 ಅಂಕಿಗಳ ಒಂದು ಸಂಖ್ಯೆ. ಯಾವ ಎರಡು ಸಂಖ್ಯೆ ಗುಣಿಸಿದರೆ ಅದು ಬಂತು ಅಂತ ಹುಡುಕುವುದು ಇವತ್ತಿನ ಯಾವ ಕಂಪ್ಯೂಟರಿಗೂ ಆಗುವ ಕೆಲಸವಲ್ಲ. ಬ್ಯಾಂಕಿನ ವ್ಯವಹಾರ ಕಾಯುವುದೂ ಇದೇ ಗಣಿತ. ಅದಕ್ಕೇ "ಬೆಂಗಳೂರಿಗೆ ತಗೊಂಡು ಹೋದರೆ ಆಗ್ತದಾ?" ಅಂತ ಕೇಳಿದರೆ ಸುಳ್ಳು ಭರವಸೆ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹೆಸರಿನ ಬಾಲ ತೆಗೆದುಹಾಕಿದರೆ?

ಹೆಸರು ಬದಲಿಸಿದರೆ ಒಳಗಿನದು ಬದಲಾಗುವುದಿಲ್ಲ. ಆದರೆ ಇಲ್ಲೊಂದು ವಿಷಯ ಇದೆ, ಅದನ್ನು ಹೇಳಲೇಬೇಕು.

ಡಿಜೆವಿಯು ಅವಸರದಲ್ಲಿರುತ್ತದೆ. ದೊಡ್ಡ ಫೈಲನ್ನು ಪೂರ್ತಿ ಮುಚ್ಚುವುದಿಲ್ಲ. ಮೊದಲ ಸುಮಾರು 150 ಕೆಬಿ ಮಾತ್ರ ಕಲಸುತ್ತದೆ. ಮೇಷ್ಟ್ರ ಮಷೀನಿನಲ್ಲಿ ಫೋಟೋ ಜೊತೆಗೆ ತಾಳಮದ್ದಳೆಯ ರೆಕಾರ್ಡಿಂಗ್ ಇತ್ತು. ಅವರೇ ಊರೂರು ತಿರುಗಿ, ರಾತ್ರಿ ನಿದ್ದೆಗೆಟ್ಟು, ಚಿಕ್ಕ ರೆಕಾರ್ಡರ್ ಇಟ್ಟು ಹಿಡಿದದ್ದು. ಎಲ್ಲ ಎಂಪಿ3. ಎಂಪಿ3 ಫೈಲ್ ಚಿಕ್ಕ ಚಿಕ್ಕ ತುಂಡುಗಳ ಮಾಲೆ ಇದ್ದ ಹಾಗೆ, ಮೊದಲಿನ ತುಂಡು ಕೆಟ್ಟರೂ ಮುಂದಿನದು ನುಡಿಯುತ್ತದೆ. ಬೇರೆ ಶುದ್ಧ ಮಷೀನಿನಲ್ಲಿ ಒಂದು ನಕಲು ಮಾಡಿ, ಬಾಲ ತೆಗೆದು ಒತ್ತಿದೆ. ಹತ್ತು ಸೆಕೆಂಡು ಏನೂ ಇಲ್ಲ. ಆಮೇಲೆ ಮದ್ದಳೆ ಕೇಳಿತು, ಹಿಂದೆಯೇ ಭಾಗವತರ ದನಿ. ಅಂಥ ರೆಕಾರ್ಡಿಂಗಿನಲ್ಲಿ 150 ಕೆಬಿ ಅಂದರೆ ಹತ್ತು ಸೆಕೆಂಡಿನಷ್ಟೇ. ಮೇಷ್ಟ್ರು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡು ಕೇಳಿದರು. ಪ್ರತಿ ಪ್ರಸಂಗದ ಮೊದಲ ಹತ್ತು ಸೆಕೆಂಡು ಹೋಯಿತು, ಉಳಿದ ರಾತ್ರಿಯೆಲ್ಲ ಉಳಿಯಿತು.

ಫೋಟೋಗಳಿಗೆ ಈ ಅದೃಷ್ಟ ಇಲ್ಲ. ವಾಟ್ಸಾಪಿನಲ್ಲಿ ಬಂದ ಚಿಕ್ಕ ಫೋಟೋ 150 ಕೆಬಿಯ ಒಳಗೇ ಇದ್ದರೆ ಪೂರ್ತಿ ಹೋದ ಹಾಗೆ. ಕ್ಯಾಮೆರಾದ ದೊಡ್ಡ ಫೋಟೋ ಆದರೆ, ಅದೇ ಕ್ಯಾಮೆರಾದ ಒಳ್ಳೆ ಫೋಟೋ ಒಂದನ್ನು ಮಾದರಿಗೆ ಇಟ್ಟುಕೊಂಡು ಕೆಳಗಿನ ಭಾಗವನ್ನು ಕೆಲವೊಮ್ಮೆ ತೆಗೆಯಬಹುದು. ಮೇಲಿನ ಒಂದು ಪಟ್ಟಿ ಬರುವುದಿಲ್ಲ.

ಫಾರ್ಮ್ಯಾಟ್ ಹೊಡೆದರೆ ಸರಿಯಾಗುತ್ತದಾ?

ಮಷೀನ್ ಸರಿಯಾಗುತ್ತದೆ. ಫೈಲ್ ಹೋಗುತ್ತದೆ. ಮುಂದೆಂದಾದರೂ ತೆರೆಯಬಹುದಾದ ದಾರಿಯೂ ಹೋಗುತ್ತದೆ. ಅಂಗಡಿಯವರು ಮೊದಲ ಮಾತಿಗೇ ಫಾರ್ಮ್ಯಾಟ್ ಅಂದರೆ ಒಪ್ಪಬೇಡಿ. ಮೊದಲು ಬಾಲ ಹತ್ತಿದ ಫೈಲ್‌ಗಳನ್ನೂ ಆ ರೀಡ್‌ಮಿ ಚೀಟಿಯನ್ನೂ ಒಂದು ಬೇರೆ ಡಿಸ್ಕಿಗೆ ಇಳಿಸಿಕೊಳ್ಳಿ. ಆ ಚೀಟಿಯಲ್ಲಿ ನಿಮ್ಮದೊಂದು ಗುರುತಿನ ಸಂಖ್ಯೆ ಇರುತ್ತದೆ, ಕೀಲಿ ಸಿಕ್ಕ ದಿನ ಅದು ಬೇಕು. ಕ್ರಿಪ್ಟೋಲಾಕರ್ ಜಾಲವನ್ನು ಪೊಲೀಸರು 2014ರಲ್ಲಿ ಮುರಿದಾಗ ಕೀಲಿಗಳೂ ಸಿಕ್ಕವು, ಆ ಆಗಸ್ಟಿನಲ್ಲಿ ಎರಡು ಭದ್ರತಾ ಕಂಪನಿಗಳು ಅವನ್ನು ಉಚಿತವಾಗಿ ಹಂಚಿದವು. ಫೈಲ್ ಇಟ್ಟುಕೊಂಡವರಿಗೆ ವಾಪಸ್ ಬಂತು. ಫಾರ್ಮ್ಯಾಟ್ ಹೊಡೆಸಿದವರಿಗೆ ಇಲ್ಲ.

ಆಂಟಿವೈರಸ್ ಹಾಕಿ ಸ್ಕ್ಯಾನ್ ಮಾಡಿದರೆ ಫೈಲ್ ತೆರೆಯುತ್ತದಾ?

ಇಲ್ಲ. ಅದು ಕಳ್ಳನನ್ನು ಹಿಡಿಯುತ್ತದೆ, ಬೀಗ ತೆಗೆಯುವುದಿಲ್ಲ.

ಉಚಿತವಾಗಿ ತೆರೆಯುವ ಕೀಲಿ ಎಲ್ಲಿ ಸಿಗುತ್ತದೆ?

"ನೋ ಮೋರ್ ರ‍್ಯಾನ್ಸಮ್" ಅನ್ನುವ ತಾಣ ಇದೆ. 2016ರ ಜುಲೈಯಲ್ಲಿ ನೆದರ್ಲೆಂಡ್ಸ್ ಪೊಲೀಸರು, ಯೂರೋಪೋಲ್ ಮತ್ತು ಎರಡು ಆಂಟಿವೈರಸ್ ಕಂಪನಿಗಳು ಸೇರಿ ಶುರು ಮಾಡಿದ್ದು. ಅಲ್ಲಿ ಒಂದು ಕೆಟ್ಟ ಫೈಲನ್ನೂ ಚೀಟಿಯನ್ನೂ ಹಾಕಿದರೆ ಯಾವ ಜಾತಿ ಅಂತ ಹೇಳುತ್ತದೆ. ಕೀಲಿ ಇದ್ದರೆ ಕೊಡುತ್ತದೆ, ದುಡ್ಡು ಕೇಳುವುದಿಲ್ಲ.

ಡಿಜೆವಿಯು ಆದರೆ ಇನ್ನೊಂದು ಮಾತು. ಅದು ಮೊದಲು ನೆಟ್ ಮೂಲಕ ಕಳ್ಳರಿಗೆ ಸುದ್ದಿ ಕಳಿಸಿ ನಿಮಗಂತಲೇ ಒಂದು ಬೀಗ ತರಿಸುತ್ತದೆ. ನೆಟ್ ಸಿಗದಿದ್ದರೆ ತನ್ನ ಜೇಬಿನಲ್ಲೇ ಇರುವ ಒಂದು ಬೀಗ ಬಳಸುತ್ತದೆ. ಆ ಜೇಬಿನ ಬೀಗ ಆ ತಳಿಯ ಎಲ್ಲರಿಗೂ ಒಂದೇ. ಹಾಗಾಗಿ ಅದರ ಕೀಲಿ ಯಾರಿಗೋ ಒಬ್ಬರಿಗೆ ಸಿಕ್ಕರೆ ಎಲ್ಲರಿಗೂ ಸಿಕ್ಕ ಹಾಗೆ. ಚೀಟಿಯ ಗುರುತಿನ ಸಂಖ್ಯೆ ಇಂಗ್ಲಿಷಿನ ಟಿ ಮತ್ತು 1 ಅಂತ ಮುಗಿದರೆ ಅದು ಈ ಜೇಬಿನ ಬೀಗ. ಎಮ್ಸಿಸಾಫ್ಟ್ ಎಂಬ ಕಂಪನಿ 2019ರ ಅಕ್ಟೋಬರಿನಲ್ಲಿ 148 ತಳಿಗಳಿಗೆ ಉಚಿತ ಉಪಾಯ ಬಿಟ್ಟಿತು. ಹಳ್ಳಿಯ ಹುಡುಗನೊಬ್ಬ ಪೇಟೆಯಲ್ಲಿ ಡೌನ್‌ಲೋಡ್ ಮಾಡಿ, ಮನೆಯಲ್ಲಿ ಮಳೆಗೆ ನೆಟ್ ಹೋಗಿದ್ದ ದಿನ ಇನ್‌ಸ್ಟಾಲ್ ಮಾಡಿದ್ದ. ಅವನ ಸಂಖ್ಯೆ ಹಾಗೇ ಮುಗಿದಿತ್ತು. ಡಿಸ್ಕ್ ತೆಗೆದಿಡಿಸಿದೆ. ಮರುವರ್ಷ ಕೀಲಿ ಬಂತು, ಎಲ್ಲ ತೆರೆಯಿತು.

ಯೂಟ್ಯೂಬ್ ವಿಡಿಯೋ ಕೆಳಗಿನ ಲಿಂಕಿನಿಂದ ಕೀಲಿ ಇಳಿಸಬೇಡಿ. 2020ರಲ್ಲಿ ಡಿಜೆವಿಯು ಬಿಡಿಸುವ ಉಪಾಯ ಅಂತ ಹೇಳಿಕೊಂಡು ಬಂದದ್ದೇ ಇನ್ನೊಂದು ರ‍್ಯಾನ್ಸಮ್‌ವೇರ್. ಬೀಗದ ಮೇಲೆ ಬೀಗ ಬಿತ್ತು.

ಕೇಳಿದಷ್ಟು ಕೊಟ್ಟುಬಿಡಲಾ?

ಬೇಡ. ಡಿಜೆವಿಯು ಕೇಳುತ್ತಿದ್ದುದು 980 ಡಾಲರ್, 72 ಗಂಟೆಯೊಳಗೆ ಆದರೆ ಅರ್ಧ, ಅಂದರೆ 490. ಈ ರಿಯಾಯಿತಿ ನಿಮ್ಮನ್ನು ಯೋಚಿಸಲು ಬಿಡದಿರುವ ತಂತ್ರ. ಕೊಟ್ಟವರಿಗೆ ಕೀಲಿ ಬಂದದ್ದೂ ಇದೆ, ಬಾರದ್ದೂ ಇದೆ. 2017ರ ಜೂನ್ 27ಕ್ಕೆ ಹರಡಿದ ನಾಟ್‌ಪೆಟ್ಯಾ ಮುಂಬೈ ಬಳಿಯ ಜವಾಹರಲಾಲ್ ನೆಹರು ಬಂದರಿನ ಒಂದು ಟರ್ಮಿನಲ್ಲನ್ನೂ ನಿಲ್ಲಿಸಿತ್ತು. ಅದೂ ದುಡ್ಡು ಕೇಳಿತ್ತು. ಆದರೆ ಅದನ್ನು ಮಾಡಿದ್ದೇ ಹಾಳುಮಾಡಲಿಕ್ಕೆ, ಕೀಲಿ ಕೊಡುವ ದಾರಿಯೇ ಇರಲಿಲ್ಲ.

ಹೀಗೆಂದರೂ, ಅಪ್ಪನ ಕೊನೆಯ ಫೋಟೋಗಳಿಗಾಗಿ ಅಳುತ್ತಾ ಕೂತವರ ಮುಂದೆ "ಕೊಡಬೇಡಿ" ಅನ್ನುವುದು ನನಗೆ ಸುಲಭವಲ್ಲ. ನಾನು ಅವರಿಗೆ ಒಂದು ವಾರ ತಡೆಯಿರಿ ಅನ್ನುತ್ತೇನೆ. ಸಂಬಂಧಿಕರ ಮೊಬೈಲ್, ಹಳೆಯ ಮೆಮೊರಿ ಕಾರ್ಡ್, ಮದುವೆ ಫೋಟೋ ತೆಗೆದ ಸ್ಟುಡಿಯೋ, ವಾಟ್ಸಾಪ್ ಗುಂಪು, ಎಲ್ಲ ಕಡೆ ಹುಡುಕಿಸುತ್ತೇನೆ. ಎಷ್ಟೋ ಸಲ ಅರ್ಧಕ್ಕರ್ಧ ಅಲ್ಲೇ ಸಿಕ್ಕಿದೆ.

ಗೂಗಲ್ ಡ್ರೈವಿನಲ್ಲಿ ಇದ್ದರೆ ಭಯ ಇಲ್ಲ ಅಲ್ವಾ?

ಕಂಪ್ಯೂಟರಿನ ಫೋಲ್ಡರ್ ಜೊತೆ ತಾನಾಗಿ ಹೊಂದಿಕೊಳ್ಳುವ ಹಾಗೆ ಇಟ್ಟಿದ್ದರೆ, ಕೆಟ್ಟ ಫೈಲೇ ಅಲ್ಲಿಗೂ ಹೋಗುತ್ತದೆ. ಆದರೆ ಗೂಗಲ್ ಡ್ರೈವ್ ಹಳೆಯ ಆವೃತ್ತಿಗಳನ್ನು ಸಾಮಾನ್ಯವಾಗಿ 30 ದಿನ ಇಟ್ಟಿರುತ್ತದೆ. ಅಷ್ಟರೊಳಗೆ ಬೇರೆ ಮಷೀನಿನಿಂದ ಹೋಗಿ ಹಳೆಯದನ್ನು ವಾಪಸ್ ಪಡೆಯಿರಿ. ತಡ ಮಾಡಬೇಡಿ.

ಬ್ಯಾಕಪ್ ಹೇಗೆ ಇಡುವುದು?

ಅಡಿಕೆಗೆ ಕೊಳೆ ಬಿದ್ದ ಮೇಲೆ ಔಷಧಿ ಹೊಡೆಯುತ್ತೇವಾ? ಮೈಲುತುತ್ತ, ಸುಣ್ಣ ಕಲಸಿ ಮಳೆ ಹಿಡಿಯುವ ಮೊದಲೇ ಹೊಡೆಯುತ್ತೇವೆ. ಬ್ಯಾಕಪ್ ಕೂಡ ಅದೇ ಲೆಕ್ಕ.

ಎರಡು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇಟ್ಟುಕೊಳ್ಳಿ. ಒಂದು ಮನೆಯಲ್ಲಿ, ಒಂದು ಬೇರೆ ಊರಿನಲ್ಲಿ. ತವರುಮನೆ ಆಗಬಹುದು, ತಮ್ಮನ ಮನೆ ಆಗಬಹುದು. ತಿಂಗಳಿಗೊಮ್ಮೆ ಹೋಗಿಬರುವಾಗ ಅದಲು ಬದಲು ಮಾಡಿ. ನಕಲು ಆದ ಕೂಡಲೇ ವೈರ್ ಎಳೆದಿಡಿ. ಚುಚ್ಚಿಟ್ಟ ಡಿಸ್ಕ್ ಬ್ಯಾಕಪ್ ಅಲ್ಲ, ಅದನ್ನೂ ವೈರಸ್ ತಿನ್ನುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸಿಡಿಲೂ ತಿನ್ನುತ್ತದೆ. ನಮ್ಮ ಮಳೆಗಾಲದ ತಂಡಿಗೆ ಡಿಸ್ಕನ್ನು ಬೀರುವಿನಲ್ಲಿ ಹಾಗೇ ಇಡಬೇಡಿ. ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣಗಳ ಜೊತೆ ಇಡಿ. ವರ್ಷಕ್ಕೆರಡು ಸಲ ತೆಗೆದು ಐದಾರು ಫೈಲ್ ನಿಜವಾಗಿಯೂ ತೆರೆಯುತ್ತದಾ ಅಂತ ನೋಡಿ.

ವಿಂಡೋಸಿನಲ್ಲೇ ಏನಾದರೂ ರಕ್ಷಣೆ ಇದೆಯಾ?

ಇದೆ. ವಿಂಡೋಸ್ ಸೆಕ್ಯೂರಿಟಿಯಲ್ಲಿ "ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್" ಅಂತ ಇದೆ, ಅದರೊಳಗೆ "ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್". ಆನ್ ಮಾಡಿದರೆ ಗುರುತಿಲ್ಲದ ಪ್ರೋಗ್ರಾಂ ನಿಮ್ಮ ಫೋಟೋ, ಡಾಕ್ಯುಮೆಂಟ್ ಫೋಲ್ಡರ್ ಮುಟ್ಟಲಾಗದು. ಕೆಲವು ಒಳ್ಳೆ ಸಾಫ್ಟ್‌ವೇರನ್ನೂ ತಡೆಯುತ್ತದೆ, ಆಗ ಒಪ್ಪಿಗೆ ಕೊಡಬೇಕು. ಸ್ವಲ್ಪ ಕಿರಿಕಿರಿ. ಆದರೂ ಹಾಕಿಕೊಳ್ಳಿ.

ಫೈಲ್ ಹೋದರೆ ಹೋಗಲಿ, ಬೇರೆ ಹೊಸ ಮಷೀನ್ ತಗೊಂಡೆ. ಮುಗಿಯಿತಲ್ಲ?

ಇನ್ನೊಂದು ಬಾಕಿ ಇದೆ. ಈ ಜಾತಿಯ ಜೊತೆಗೆ ಎಷ್ಟೋ ಸಲ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಕೂಡ ಬಂದಿರುತ್ತದೆ. ಬ್ರೌಸರಿನಲ್ಲಿ ಉಳಿಸಿಟ್ಟ ಜಿಮೇಲ್, ಬ್ಯಾಂಕು, ಫೇಸ್‌ಬುಕ್ ಎಲ್ಲ ಪಾಸ್‌ವರ್ಡ್ ಹೋಗಿರಬಹುದು. ಮೊಬೈಲಿನಿಂದ ಅಥವಾ ಶುದ್ಧ ಮಷೀನಿನಿಂದ ಅವನ್ನೆಲ್ಲ ಬದಲಿಸಿ. ಮೊದಲು ಇ-ಮೇಲ್, ಆಮೇಲೆ ಬ್ಯಾಂಕು.

ದೂರು ಕೊಡಬೇಕಾ? ಎಲ್ಲಿ?

ಕೊಡಿ. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ತಾಣದಲ್ಲಿ ಮನೆಯಿಂದಲೇ ಕೊಡಬಹುದು. ದುಡ್ಡು ಕಳೆದುಕೊಂಡಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ನಮ್ಮ ಜಿಲ್ಲೆಗೆ ಸೈಬರ್ ಅಪರಾಧ ನೋಡುವ ಸಿಇಎನ್ ಠಾಣೆ ಕಾರವಾರದಲ್ಲಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮಿನಡಿ ಇದಕ್ಕೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು.

ನಿಮ್ಮ ಹತ್ತಿರ ತರುವಾಗ ಎಂತೆಂತ ತರಬೇಕು?

ಮಷೀನ್ ಆರಿಸಿಯೇ ತನ್ನಿ, ದಾರಿಯಲ್ಲಿ ಯಾರಿಗೂ ತೋರಿಸಲು ಆನ್ ಮಾಡಬೇಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್. ಬ್ಯಾಕಪ್ ಡಿಸ್ಕ್ ಇದ್ದರೆ ಮನೆಯಲ್ಲೇ ಬಿಟ್ಟುಬನ್ನಿ, ಮಷೀನ್ ಶುದ್ಧವಾದ ಮೇಲೆ ಕೇಳುತ್ತೇನೆ. ಕೆಟ್ಟ ಫೈಲ್‌ಗಳನ್ನು ಇಳಿಸಿಡಲು ಒಂದು ಖಾಲಿ ಡಿಸ್ಕ್ ತನ್ನಿ. ಅದೇ ಫೋಟೋದ ಒಳ್ಳೆಯ ನಕಲು ಮೊಬೈಲಿನಲ್ಲೋ ಇ-ಮೇಲಿನಲ್ಲೋ ಒಂದಾದರೂ ಇದ್ದರೆ ಹುಡುಕಿ ತನ್ನಿ, ಹಳೆಯ ತಳಿಗಳನ್ನು ಬಿಡಿಸಲು ಆ ಜೋಡಿ ಬೇಕಾಗುತ್ತದೆ. ಮತ್ತೆ, ಆ ದಿನ ಮಷೀನಿನ ಮುಂದೆ ಕೂತಿದ್ದವರು ಯಾರೋ ಅವರನ್ನೇ ಕರೆದುಕೊಂಡು ಬನ್ನಿ. ಮಗ ಆದರೂ ಸರಿ, ಬೈಯದೆ ಕರೆದುಕೊಂಡು ಬನ್ನಿ.